ಎರಡು ವಸಂತದ ಕುದುರಿ

ಬಾಣಂತನ ಮಾಡ್ಲಿಕ್ಕೆ ಅಂತ ಮಗಳ ಮನಿಗೆ ಆಸ್ಟ್ರೇಲಿಯಾಕ್ಕ ಹೋದಾಗ ನನಗ ಮೊದಲ ತಲಿ ತಿರುಗಿದ್ದು ಅಲ್ಲಿ ಹವಾ ನೋಡಿ. ನಾವಿಲ್ಲೆ ಗಣಪತಿ ಕೂಡಸೋ ಹೊತ್ತಿಗೆ ಅಲ್ಲೆ ಚಳಿ ಮುಗದು ಗಿಡ ಚಿಗುರ್ತಾವ. ನಮ್ಮ ದೀಪಾವಳಿಗೆ ಅವರ ಬ್ಯಾಸಿಗಿ ಬಾಗಲದಾಗ ಬಂದು ನಿಂತಿರ್ತದ. ಸಂಕ್ರಾಂತಿಗೆ ಎಳ್ಳು ಹುರಿಯೂಣು ಅಂದ್ರ ಮೈಯೆಲ್ಲಾ ಬೆವರು. ಕೂಸಿಗೆ ಅಂತ ಉಣ್ಣಿ ಕುಲಾವಿ ಹೆಣಕೊಂಡು ಒಯ್ದಿದ್ದೆ, ಅದು ಪೆಟ್ಟಿಗ್ಯಾಗ ಹಂಗ ಉಳೀತು.

ಒಂದು ರವಿವಾರ ಅಳಿಯಂದ್ರು ಸಿಡ್ನಿಯಿಂದ ಉತ್ತರಕ್ಕಿರೋ ಹಂಟರ್ ಕಣಿವಿಗೆ ಕರಕೊಂಡು ಹೋದ್ರು. ದ್ರಾಕ್ಷಿ ತೋಟ ನೋಡೂದು ಅಂತ ಹೊರಟದ್ದು, ನೋಡಿದ್ದು ಕುದುರಿ. ಸ್ಕೋನ್ ಅನ್ನೋ ಊರಿನ ಸುತ್ತಮುತ್ತ ಎಲ್ಲೆ ನೋಡಿದ್ರೂ ಕಟಗಿ ಬೇಲಿ, ಹುಲ್ಲಗಾವಲು, ಮೈ ಮಿಂಚೋ ರೇಸ್ ಕುದುರಿ. ಚಹಾ ಕುಡಿಲಿಕ್ಕೆ ನಿಂತಲ್ಲೆ ಒಬ್ಬಾಕಿ ವಯಸ್ಸಾದಾಕಿ ತಾನಾಗೇ ಮಾತಾಡಿಸಿದ್ಲು. ಆಕಿ ಮಗ ಒಂದು ಕುದುರಿ ಫಾರ್ಮಿನಾಗ ಕೆಲಸಕ್ಕಿದ್ದನಂತ. ಅಲ್ಲಿ ಗಂಡು ಕುದುರಿ ಐರ್ಲೆಂಡಿನ್ವು, ಆಗಸ್ಟಿನಾಗ ಬರ್ತಾವ, ಕ್ರಿಸ್‌ಮಸ್ ಹೊತ್ತಿಗೆ ಮನಿಗೆ ಹೋಗ್ತಾವ ಅಂದ್ಲು. ಹೆಂಗ ಅಂದ್ರ ವಿಮಾನದಾಗ. ವರ್ಷಾ ವರ್ಷಾ. ನಾನು ಅಷ್ಟು ತಾಸು ಕೂತು ಕಾಲು ಬಾಸಿಕೊಂಡು ಬಂದಿದ್ದು ನೆನಪಾಗಿ, ಅಯ್ಯ ಪಾಪ ಅನಿಸ್ತು.

ಊರಿಗೆ ಬಂದ ಮ್ಯಾಲೆ ಇದನ್ನ ಹೇಳಿದ್ರ ನಮ್ಮ ಶಾಂತಾ ವೈನಿ, "ನಮ್ಮ ಎಮ್ಮಿಗೆ ದನದ ದವಾಖಾನಿಯವರು ಬಂದು ಒಂದು ಇಂಜೆಕ್ಷನ್ ಮಾಡಿ ಹೋಗ್ತಾರಲಾ, ಅದಕ್ಕ ಕೋಣ ವಿಮಾನ ಹತ್ತೂದ್ಯಾಕ ಬೇಕು?" ಅಂದ್ರು. ಖರೇ ಪ್ರಶ್ನಿ ಅದು. ಆ ಪ್ರಶ್ನಿ ಬೆನ್ನ ಹತ್ತಿ ನಾನು ಇಷ್ಟೆಲ್ಲಾ ಓದಿದೆ. ಗರ್ತಿ ಹೆಣ್ಮಕ್ಕಳು ಇದನ್ನೆಲ್ಲಾ ಬರೀತಾರೇನು ಅಂತ ಯಾರರೆ ಅಂದ್ರ, ಹಟ್ಟಿಯೊಳಗ ದನ ಕಟ್ಟಿದ ಮನ್ಯಾಗ ಬೆಳದಾಕಿ ನಾನು. ಆಕಳಾ ಬೆದಿಗೆ ಬಂತು ಅಂತ ಗಂಡಸರಿಗೆ ಮೊದಲು ಹೇಳ್ತಿದ್ದಾಕಿ ನಮ್ಮವ್ವನ.

ರೇಸಿಗೆ ಓಡೋ ಈ ಜಾತಿಗೆ ಥರೋಬ್ರೆಡ್ ಅಂತಾರ. ಬೆಳಸಿದ್ದು ಇಂಗ್ಲೆಂಡಿನಾಗ. ಗಂಡಿನ ಸಾಲು ಹಿಡದು ಹಿಂದ ಹಿಂದ ಹೋದ್ರ ಇವತ್ತಿನ ಅಷ್ಟೂ ಥರೋಬ್ರೆಡ್ ಮೂರೇ ಮೂರು ಕುದುರಿಗೆ ಹೋಗಿ ಮುಟ್ಟತಾವ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗಾಡಾಲ್ಫಿನ್ ಅರೇಬಿಯನ್. ಮೂರೂ ಪೂರ್ವದ ಕಡಿಂದ ಒಯ್ದವು. 1791ರಾಗ ವೆದರ್‌ಬಿ ಅನ್ನೋ ಮನೆತನದವರು ಇವುಗಳ ವಂಶಾವಳಿ ಪುಸ್ತಕ ಶುರು ಮಾಡಿದ್ರು. ನಮ್ಮ ಮಠದಾಗ ಗೋತ್ರ ಪ್ರವರ ಬರದಿಟ್ಟಂಗ. ಇವತ್ತಿಗೂ ಯಾವ ದೇಶದ ಥರೋಬ್ರೆಡ್ ಪುಸ್ತಕದಾಗರೆ ಮರಿ ಹೆಸರು ಹತ್ತಬೇಕಂದ್ರ, ಗಂಡು ಹೆಣ್ಣು ಖುದ್ದು ಕೂಡಿ ಹುಟ್ಟಿದ್ದ ಆಗಬೇಕು. ಇಂಜೆಕ್ಷನ್ ನಡಿಯೂದಿಲ್ಲ. ಈ ನಿಯಮ ಸರಿಯಲ್ಲಾ ಅಂತ ಬ್ರೂಸ್ ಮೆಕ್‌ಹ್ಯೂ ಅನ್ನೋರು ಆಸ್ಟ್ರೇಲಿಯಾದ ಫೆಡರಲ್ ಕೋರ್ಟಿಗೆ ಹೋಗಿದ್ರು. 2012ರಾಗ ಸೋತ್ರು, 2014ರಾಗ ಅಪೀಲಿನಾಗೂ ಸೋತ್ರು. ಅಲ್ಲಿಗೆ ವೈನಿ ಪ್ರಶ್ನಿಗೆ ಅರ್ಧಾ ಉತ್ತರ ಸಿಕ್ಕಂಗಾತು: ಬೀಜ ಬಾಟಲಿಯೊಳಗ ಹೋಗಂಗಿಲ್ಲ, ಕುದುರಿನೇ ಹೋಗಬೇಕು.

ಉಳದರ್ಧ ಉತ್ತರ ಹೆಣ್ಣು ಕುದುರಿ ಮೈಯಾಗ ಅದ. ಎಮ್ಮಿ ಆಕಳದಂಗ ಅದು ವರ್ಷ ಪೂರ್ತಿ ಬೆದಿಗೆ ಬರೂದಿಲ್ಲ. ಹಗಲು ದೊಡ್ಡದಾಗ್ಲಿಕ್ಕೆ ಹತ್ತಿದ್ರನ ಅದರ ಮೈಗೆ ತಿಳೀತದ, ವಸಂತ ಬಂತು ಅಂತ. ಗಬ್ಬ ಆದ ಮ್ಯಾಲೆ ಹೆಚ್ಚು ಕಡಿಮಿ ಹನ್ನೊಂದು ತಿಂಗಳು ಹೊರತದ, ಮತ್ತ ಮುಂದಿನ ವಸಂತಕ್ಕ, ಹೊಸಾ ಹುಲ್ಲು ಬರೋ ಹೊತ್ತಿಗೆ ಈಯತದ. ದೇವರು ಮಾಡಿದ ಲೆಕ್ಕ ಇದು. ಮನಷ್ಯಾ ಇದರ ಮ್ಯಾಲೆ ಇನ್ನೊಂದು ಲೆಕ್ಕ ತಂದು ಕೂಡಿಸಿದ. ಉತ್ತರದ ದೇಶದಾಗ ಯಾವ ಮರಿ ಯಾವ ದಿನಾ ಹುಟ್ಟಿರ್ಲಿ, ಜನವರಿ 1ಕ್ಕ ಎಲ್ಲಾಕ್ಕೂ ಒಂದೊಂದು ವರ್ಷ ತುಂಬತದ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಾಗ ಆಗಸ್ಟ್ 1. ನಮ್ಮ ಕಾಕಾಗೋಳದು, ಮಾಮಾಗೋಳದು ಎಲ್ಲಾರದೂ ಸಾಲಿ ದಾಖಲೆದಾಗ ಜೂನ್ 1 ಅಂತ ಇರ್ತದಲ್ಲಾ, ಹಂಗ! ಇಂಗ್ಲೆಂಡಿನಾಗೂ ಮೊದಲ ಈ ತಾರೀಖು ಮೇ 1 ಇತ್ತು. ಮರಿ ಹುಟ್ಟೋ ಕಾಲಕ್ಕ ಸರಿಯಾಗೇ ಇತ್ತು. 1830ರ ದಶಕದಾಗ ಜನವರಿಗೆ ಒಯ್ದ್ರು.

ಈಗ ನೋಡ್ರಿ ಫಜೀತಿ. ಡಿಸೆಂಬರ್ 31ಕ್ಕ ಹುಟ್ಟಿದ ಮರಿ ಮರುದಿನಾನ ಒಂದು ವರ್ಷದ್ದು. ಎರಡು ವರ್ಷದವರ ರೇಸಿನಾಗ ಫೆಬ್ರುವರಿ ಮರಿಗೂ ಮೇ ಮರಿಗೂ ಒಂದ ಸಾಲು. ದೊಡ್ಡದು ಗೆಲ್ಲತದ. ಅದಕ್ಕ ಎಲ್ಲಾರಿಗೂ ಜನವರಿ ದಾಟಿದ ಕೂಡಲೆ ಮರಿ ಬೇಕು. ಹೆಣ್ಣು ಕುದುರಿ ಮೈ ಇನ್ನೂ ಚಳಿಗಾಲದಾಗ ಇರೂವಾಗನ ಲಾಯದಾಗ ದೀಪಾ ಹಚ್ಚಿ, ದಿನಕ್ಕ 16 ತಾಸು ಬೆಳಕು ಮಾಡಿ ಅದಕ್ಕ ವಸಂತ ಬಂತು ಅಂತ ನಂಬಸ್ತಾರ. ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನ ಬಾರ್ಬರಾ ಮರ್ಫಿ ಅನ್ನೋ ಹೆಣ್ಣುಮಗಳು ಇದಕ್ಕಂತ ಒಂದು ಮುಖವಾಡನ ಮಾಡ್ಯಾಳ, ಒಂದು ಕಣ್ಣಿಗೆ ನೀಲಿ ಬೆಳಕು ಬೀಳೂವಂಥಾದ್ದು. ಲಾಯದಾಗ ಕಟ್ಟಿಹಾಕೂದು ಬ್ಯಾಡ, ಬಯಲಾಗ ಮೇಯಿಕೋತ ಇರ್ತದ. ಇದ್ದದ್ದರಾಗ ಚಲೋ ಅನಿಸ್ತು ನನಗ.

ಹನ್ನೊಂದು ತಿಂಗಳ ಬಸುರಿ, ಹನ್ನೆರಡು ತಿಂಗಳ ವರ್ಷ. ನಡುವ ಉಳೀತೂ ಒಂದ ತಿಂಗಳು. ಹೋದ ವರ್ಷದ ತಾರೀಖಿಗೇ ಈ ವರ್ಷನೂ ಈಯಬೇಕಂದ್ರ ಆ ಒಂದು ತಿಂಗಳದಾಗ ಮತ್ತ ಗಬ್ಬ ಆಗಬೇಕು. ಈದು ವಾರ ಹತ್ತು ದಿನದಾಗ ಅದು ಮತ್ತ ಬೆದಿಗೆ ಬರ್ತದ. ಎಷ್ಟೋ ಸಲ ಎಳೀ ಮರಿ ಸೈತ ಲಾರ್‍ಯಾಗ ಹತ್ತಿಸಿಕೊಂಡು ಗಂಡಿದ್ದ ಫಾರ್ಮಿಗೆ ಒಯ್ತಾರ. ಇದನ್ನ ಓದೂವಾಗ ನಮ್ಮ ಮಗಳು ಕಿವಿಗೆ ಅರಬಿ ಕಟಗೊಂಡು ಮಂಚದ ಮ್ಯಾಲೆ ಮಲಗಿದ್ಲು, ನಾನು ಅಳವಿ ಪಾಯಸ ಕುದಸ್ಲಿಕ್ಕೆ ಹತ್ತಿದ್ದೆ.

ಉತ್ತರದಾಗ ಕೂಡಸೋ ಕಾಲ ಫೆಬ್ರುವರಿ ನಡುವಿನಿಂದ ಜೂನ್ ಮುಗಿಯೂ ತನಕಾ. ದಕ್ಷಿಣದಾಗ ಸಪ್ಟಂಬರ್ ಒಂದರಿಂದ ಡಿಸೆಂಬರ್ ತನಕಾ. ಎರಡೂ ಒಂದಕ್ಕೊಂದು ತಾಗೂದನ ಇಲ್ಲ. ಐರ್ಲೆಂಡಿನ ಗಂಡು ಕುದುರಿಗೆ ಅರ್ಧಾ ವರ್ಷ ಕೆಲಸಾ ಇಲ್ಲಾ, ಆಸ್ಟ್ರೇಲಿಯಾದ ಹೆಣ್ಣು ಕುದುರಿಗೆ ಅದೇ ಹೊತ್ತಿಗೆ ಗಂಡು ಬೇಕು. ಸಂತಿ ವ್ಯಾಪಾರ ತಿಳಿದವರಿಗೆ ಇಷ್ಟು ಸಾಕಲ್ಲ.

ಆದ್ರ ನೂರು ವರ್ಷದ ಹಿಂದ ಇದು ಆಗೂವಂಗ ಇರಲಿಲ್ಲ. ಹಡಗದಾಗ ಒಂದು ಕಡಿ ದಾರಿಗೇ ವಾರಗಟ್ಟಲೆ. ಹೋಗಿ ಬರೂದ್ರಾಗ ಎರಡೂ ಹಂಗಾಮು ಮುಗೀತಿದ್ವು. ಅದಕ್ಕ ಹೋದ ಕುದುರಿ ಹೋಧಂಗ, ಗಂಡನ ಮನಿಗೆ ಹೋದ ಹಳೇ ಕಾಲದ ಹೆಣ್ಮಕ್ಕಳಂಗ. ಕಾರ್ಬೈನ್ ಅಂತ ಒಂದು ಕುದುರಿ ಇತ್ತು, ನ್ಯೂಜಿಲೆಂಡಿನಾಗ ಹುಟ್ಟಿದ್ದು. 43 ಸಲ ಓಡಿ 33 ಸಲ ಗೆದ್ದದ್ದು, 1890ರ ಮೆಲ್ಬರ್ನ್ ಕಪ್ಪೂ ಅದರದ. ಕಿವಿ ಮ್ಯಾಲೆ ಮಳಿ ಹನಿ ಬಿದ್ರ ಅದಕ್ಕ ಆಗ್ತಿರಲಿಲ್ಲಂತ, ಛತ್ರಿ ಹಿಡೀಬೇಕಿತ್ತಂತ. ಅದನ್ನ 1895ರಾಗ ಪೋರ್ಟ್‌ಲ್ಯಾಂಡಿನ ಡ್ಯೂಕ್ 13,000 ಗಿನ್ನಿ ಕೊಟ್ಟು ಇಂಗ್ಲೆಂಡಿಗೆ ಒಯ್ದ. ಅದರ ಮಗ ಸ್ಪಿಯರ್‌ಮಿಂಟ್ 1906ರಾಗ ಎಪ್ಸಮ್ ಡರ್ಬಿ ಗೆದ್ತು. ಕಾರ್ಬೈನ್ ಮಾತ್ರ ತಿರುಗಿ ತನ್ನ ನೆಲಾ ನೋಡಲಿಲ್ಲ.

ನಮ್ಮ ನಾಡಿಗೂ ಕುದುರಿ ಬಂದದ್ದು ಹಿಂಗ ಒಮ್ಮುಖ. ವಿಜಯನಗರದ ಅರಸರು ಸಮುದ್ರದ ಮ್ಯಾಲಿಂದ ಅರಬ್ಬೀ ಕುದುರಿ ತರಿಸಿದ್ರು. ಟಿಪ್ಪುವಿನ ಕಾಲದ್ದು ಅಂತ ಹೇಳೋ ಕುಣಿಗಲ್ ಕುದುರಿ ಫಾರ್ಮ್ ನೀವು ಬೆಂಗಳೂರಿಂದ ಹಾಸನಕ್ಕ ಹೋಗೂವಾಗ ನೋಡೀರಿ. ಇಂಗ್ರೇಜರ ದಂಡಿಗೆ ನ್ಯೂ ಸೌತ್ ವೇಲ್ಸ್‌ದಿಂದ ಹಡಗ ಹಡಗ ಕುದುರಿ ಬರ್ತಿದ್ವು, ಅದಕ್ಕ ಅವಕ್ಕ ವೇಲರ್ ಅಂತನ ಹೆಸರು ಬಿತ್ತು. ಅದೇ ಹಂಟರ್ ಕಣಿವಿ ಇರೋ ಸೀಮಿ ಅದು. ಬಂದ್ವು, ಇಲ್ಲೇ ಮಣ್ಣಾದ್ವು.

ವಿಮಾನ ಬಂದ ಮ್ಯಾಲೆ ದಾರಿ ಎರಡು ದಿನದ ಒಳಗ ಬಂತು. 1970ರ ದಶಕದಾಗ ರಾಬರ್ಟ್ ಸ್ಯಾಂಗ್‌ಸ್ಟರ್ ಅನ್ನೋ ಇಂಗ್ಲಿಷ್ ಸಾಹುಕಾರ, ಫುಟ್‌ಬಾಲ್ ಪಂದ್ಯದ ಜೂಜಿನ ಧಂದೇದಾಗ ಗಳಿಸಿದ ಮನೆತನದವ, ಐರ್ಲೆಂಡಿನ ಕೂಲ್‌ಮೋರ್ ಫಾರ್ಮಿನವರ ಜೋಡಿ ಕೂಡಿದ. ಅಲ್ಲೆ ವಿನ್ಸೆಂಟ್ ಒ'ಬ್ರಯನ್ ಅನ್ನೋ ಪಳಗಿದ ತರಬೇತಿದಾರ, ಅವರ ಅಳಿಯ ಜಾನ್ ಮ್ಯಾಗ್ನಿಯರ್. ಗಂಡು ಕುದುರಿನ ಅರ್ಧಾ ವರ್ಷ ಅತ್ತ, ಅರ್ಧಾ ವರ್ಷ ಇತ್ತ ದುಡಸೋ ಧಂದೇ ಇವರಂಥವರ ಕೈಯಾಗ ಬಲಿತು. ಇದಕ್ಕ ಶಟಲ್ ಅಂತಾರ. ಶಟಲ್ ಅಂದ್ರ ಮಗ್ಗದ ಲಾಳಿ. ಇಳಕಲ್ಲಿನಾಗ ಸೀರಿ ನೇಯೂದು ನೋಡಿದವರಿಗೆ ಮತ್ತ ಹೇಳೂದು ಬ್ಯಾಡ, ಆ ದಡದಿಂದ ಈ ದಡಕ್ಕ, ಈ ದಡದಿಂದ ಆ ದಡಕ್ಕ. ಲಾಳಾ ಕಟ್ಟಿದ ಲಾಳಿ!

ಮೊದಲ ಹೋಗಿ ಬಂದ ಕುದುರಿ ಬ್ಯಾರೆ ಇದ್ವು. ಆದ್ರ ಧಂದೇಕ್ಕ ಬೆಂಕಿ ಹಚ್ಚಿದ್ದು ಡೇನ್‌ಹಿಲ್. 1986ರಾಗ ಹುಟ್ಟಿದ್ದು, ಸೌದಿಯ ರಾಜಕುಮಾರ ಖಾಲಿದ್ ಅಬ್ದುಲ್ಲಾರ ಮನೆತನದ್ದು. 1989ರಾಗ ಇಂಗ್ಲೆಂಡಿನ ಹೇಡಾಕ್ ಸ್ಪ್ರಿಂಟ್ ಕಪ್ ಗೆದ್ತು. ಚಲೋ ಕುದುರಿ, ಆದ್ರ ಅದ್ಭುತ ಅಂತ ಆಗ ಯಾರೂ ಅಂದಿರಲಿಲ್ಲ. ಕೂಲ್‌ಮೋರ್‌ದವರು, ಹಂಟರ್ ಕಣಿವಿಯ ಆ್ಯರೋಫೀಲ್ಡ್ ಫಾರ್ಮಿನ ಜಾನ್ ಮೆಸಾರಾ ಅರ್ಧರ್ಧಾ ಪಾಲಿನಾಗ ಕೊಂಡ್ರು. 1990ರಿಂದ ಅದು ಎರಡೂ ಕಡೆ ಓಡಾಡ್ಲಿಕ್ಕೆ ಹತ್ತಿತು. ಮರಿಗಳು ಓಡ್ಲಿಕ್ಕೆ ಶುರು ಮಾಡಿದ ಮ್ಯಾಲೆ ಎಲ್ಲಾರ ಬಾಯಿ ಬಂದ್ ಆತು. ಆಸ್ಟ್ರೇಲಿಯಾದಾಗ ಒಂಬತ್ತು ವರ್ಷ ಅದರ ಮಕ್ಕಳೇ ಎಲ್ಲಾ ಕುದುರಿಗಿಂತ ಹೆಚ್ಚು ಬಹುಮಾನ ತಂದ್ವು. ಬ್ರಿಟನ್ ಐರ್ಲೆಂಡಿನಾಗ 2005, 2006, 2007 ಮೂರೂ ವರ್ಷ ಅದರದ. ಅಷ್ಟರಾಗ ಅದು ಸತ್ತೂ ಹೋಗಿತ್ತು. 2003ರ ಮೇದಾಗ ಐರ್ಲೆಂಡಿನ ಹುಲ್ಲಗಾವಲದಾಗ ಬಿದ್ದು ಸೊಂಟದ ಎಲವು ಮುರಕೊಂಡು ಹೋತು. ಅಷ್ಟು ಸಾವಿರ ಮೈಲಿ ಆಕಾಶದಾಗ ತಿರುಗಿದ್ದು, ಮನಿ ಅಂಗಳದಾಗ ಕಾಲ ಜಾರಿ.

ಅದರ ಮಗ ರಿಡೂಟ್ಸ್ ಚಾಯ್ಸ್ ಆಸ್ಟ್ರೇಲಿಯಾದಾಗ ಹುಟ್ಟಿ ತಾನೂ ಮೂರು ಸಲ ಅಪ್ಪನ ಪಟ್ಟಕ್ಕ ಬಂತು. ಅದರ ತಾಯಿ ಹೆಸರೇನು ಗೊತ್ತೇನು? ಶಾಂತಾಸ್ ಚಾಯ್ಸ್! ಇದನ್ನ ಹೇಳಿದ ಮ್ಯಾಲೆ ನಮ್ಮ ವೈನಿಗೆ ಕುದುರಿ ಮ್ಯಾಲೆ ಪ್ರೀತಿ ಹುಟ್ಟೇದ. ಇನ್ನೊಬ್ಬ ಮಗ ಡೇನ್‌ಹಿಲ್ ಡಾನ್ಸರ್ ಉತ್ತರದಿಂದ ಆಸ್ಟ್ರೇಲಿಯಾಕ್ಕ ಬಂದು ಚ್ವಾಜೀರ್ ಅನ್ನೋ ಕುದುರಿಗೆ ಅಪ್ಪಾದ. ಆ ಚ್ವಾಜೀರ್ 2003ರಾಗ ಇಂಗ್ಲೆಂಡಿಗೆ ಹೋಗಿ ರಾಯಲ್ ಆ್ಯಸ್ಕಟ್‌ದಾಗ ಐದು ದಿನದಾಗ ಎರಡು ರೇಸು ಗೆದ್ದು, ಆಮ್ಯಾಲೆ ಐರ್ಲೆಂಡಿಗೆ ತಾನೂ ಬೀಜದ ಕುದುರಿಯಾಗಿ ಓಡಾಡ್ತು. ಲಾಳಿ ತಿರುಗಿ ಹೊಡದಂಗ.

ಪ್ರಯಾಣ ಹೆಂಗಿರ್ತದ ಅಂತ ಕೇಳ್ತೀರಿ. ಸರಕು ವಿಮಾನದಾಗ ಪೆಟ್ಟಿಗಿಯಂಥಾ ಲಾಯ, ಒಂದೊಂದರಾಗ ಎರಡು ಮೂರು ಕುದುರಿ ನಿಂತು ಬರ್ತಾವ. ಜೋಡಿ ಅವನ್ನ ಬಲ್ಲ ಕಾಸದಾರರು ಇರ್ತಾರ. ಹೆದರಿಕಿ ಇರೂದು ಪುಪ್ಪಸದ್ದು. ತಲಿ ಮ್ಯಾಲೆ ಮಾಡಿ ಬಾಳ ಹೊತ್ತು ಕಟ್ಟಿದ್ರ ಕುದುರಿಗೆ ಕಫಾ ಇಳಿಯೂದಿಲ್ಲ, ಎದಿಗೆ ಜ್ವರಾ ಹಿಡೀತದ. ಅದಕ್ಕ ನಡುನಡುವ ತಲಿ ಕೆಳಗ ಮಾಡ್ಲಿಕ್ಕೆ ಬಿಡಬೇಕು, ನೀರು ಕುಡಸಬೇಕು. ಹೊರಡೋ ಮೊದಲ ಎರಡು ವಾರ, ಇಳದ ಮ್ಯಾಲೆ ಎರಡು ವಾರ ಬ್ಯಾರೆ ಕಡೆ ಕೂಡಿ ಹಾಕ್ತಾರ, ರೋಗ ಬರಬಾರದಂತ.

ಈ ಎರಡು ವಾರದ ಮಾತು ಸಣ್ಣದಲ್ಲ. ನಾನು ಅಲ್ಲೆ ಇಳದಾಗ ಮಗಳಿಗೆ ಅಂತ ಒಯ್ದಿದ್ದ ತಿನಸಿನಾಗ ಅರ್ಧಾ ಬಿಟ್ಟು ಬಂದಾಕಿ. ಅವಾಗ ಸಿಟ್ಟು ಬಂದಿತ್ತು. ಆಮ್ಯಾಲೆ 2007ರ ಕತಿ ಓದಿದೆ, ಸಿಟ್ಟು ಇಳೀತು.

ಆಸ್ಟ್ರೇಲಿಯಾದಾಗ ಅಲ್ಲಿತನಕಾ ಕುದುರಿ ಫ್ಲೂ ಬಂದಿರಲಿಲ್ಲ. ಅದಕ್ಕ ಅಲ್ಲಿ ಕುದುರಿಗೆ ಲಸಿಕಾನೂ ಇಲ್ಲ, ಮೈಯಾಗ ತಾಕತ್ತೂ ಇಲ್ಲ. 2007ರ ಆಗಸ್ಟ್ 8ಕ್ಕ ಜಪಾನಿನಿಂದ ಗಂಡು ಕುದುರಿ ಬಂದು ಸಿಡ್ನಿಯ ಈಸ್ಟರ್ನ್ ಕ್ರೀಕ್ ಕ್ವಾರಂಟೈನ್ ಠಾಣ್ಯಾಗ ಇಳದ್ವು. ಜಪಾನಿನಾಗ ಅದೇ ತಿಂಗಳು ಫ್ಲೂ ಎದ್ದಿತ್ತು. ಆಗಸ್ಟ್ 24ಕ್ಕ ಸಿಡ್ನಿಯ ಸೆಂಟೆನಿಯಲ್ ಪಾರ್ಕಿನಾಗ, ಮಕ್ಕಳು ಸವಾರಿ ಕಲಿಯೋ ಕುದುರಿಗೆ, ಅದೇ ರೋಗ ಅಂತ ಖಾತ್ರಿ ಆತು. ಮರುದಿನಾ ಇಡೀ ದೇಶದಾಗ ಕುದುರಿ ಅಲುಗಾಡಿಸಬ್ಯಾಡ್ರಿ ಅಂತ ಹುಕುಂ. ಅಷ್ಟರಾಗ ಅದು ಮೇಳ, ಸ್ಪರ್ಧೆ ಅಂತ ಕೂಡಿದ ಕುದುರಿಯಿಂದ ಹಬ್ಬಿಬಿಟ್ಟಿತ್ತು. ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್ ಎರಡರಾಗೂ ಕೂಡಿ ಸುಮಾರು 10,000 ಜಾಗಾದಾಗ ರೋಗ.

ಇಯಾನ್ ಕ್ಯಾಲಿನನ್ ಅನ್ನೋ ಹಿರೇ ನ್ಯಾಯಾಧೀಶರು ವಿಚಾರಣಿ ಮಾಡಿ 2008ರಾಗ ವರದಿ ಕೊಟ್ರು. ರೋಗ ಆ ಠಾಣ್ಯಾದಿಂದನ ಹೊರಗ ಬಂದಿರೂದು ಹೆಚ್ಚು ಸಂಭವ, ಮನಷ್ಯಾರ ಅರಬಿಗೋ ಸಾಮಾನಿಗೋ ಅಂಟಕೊಂಡು ಅಂತ. ಒಳಗ ಹೋಗಿ ಕುದುರಿ ಮುಟ್ಟಿದವರು ಮೈ ತೊಳಕೊಂಡು ಅರಬಿ ಬದಲಿ ಮಾಡಿ ಹೊರಗ ಬರಬೇಕು ಅನ್ನೋದನ್ನ ಯಾರೂ ಬಿಗಿಯಾಗಿ ನಡಿಸಿರಲಿಲ್ಲ. ನಮ್ಮಜ್ಜಿ ಸೂತಕದ ಮನಿಗೆ ಹೋಗಿ ಬಂದವರನ್ನ ಬಚ್ಚಲ ಮನಿಗೆ ಕಳಸದ ಹೊಸ್ತಲಾ ದಾಟಸ್ತಿರಲಿಲ್ಲ. ನಾವು ನಗತಿದ್ವಿ.

ಯಾರಿಗೆ ಪೆಟ್ಟು ಬಿತ್ತು ನೋಡ್ರಿ. ಕೋಟಿ ಕೋಟಿ ಬೆಲಿ ಬಾಳೋ ಗಂಡು ಕುದುರಿ ಕ್ವಾರಂಟೈನ್‌ದಾಗ ಸಿಕ್ಕೊಂಡ್ವು ಖರೆ, ಅವರಿಗೂ ಲುಕ್ಸಾನು ಆತು. ಆದ್ರ ಲಾಳಾ ಕಟ್ಟವರು, ಸವಾರಿ ಕಲಸವರು, ಹಳ್ಳಿ ಜಾತ್ರಿ ಮೇಳದವರು, ಒಂದೋ ಎರಡೋ ಹೆಣ್ಣು ಕುದುರಿ ಸಾಕೊಂಡು ಅದರ ಮರಿ ಮಾರಿ ಬದುಕವರು, ಇವರಿಗೂ ಈ ಓಡಾಟಕ್ಕೂ ಏನು ಸಂಬಂಧ? ಸಪ್ಟಂಬರ್ ಬಂತು, ಹೆಣ್ಣು ಕುದುರಿ ಬೆದಿಗೆ ಬಂದ್ವು, ಲಾರಿ ಹೊರಡೂವಂಗಿಲ್ಲ. ಸಿಡ್ನಿಯ ವಸಂತದ ರೇಸು ನಿಂತ್ವು. ಲಸಿಕಾ ಹಾಕಿ, ದಾರಿ ಬಂದ್ ಮಾಡಿ, ವರ್ಷದ ಕೊನಿಗೆ ರೋಗ ನಿಲ್ಲಿಸಿದ್ರು. ಅಷ್ಟು ದೊಡ್ಡದಾಗಿ ಹಬ್ಬಿದ್ದನ್ನ ಬುಡಸಹಿತ ಕಿತ್ತಿದ್ದು ದೊಡ್ಡ ಕೆಲಸನ, ಅದನ್ನೂ ಹೇಳಬೇಕು.

ರೋಗ ಹೋತು, ರಕ್ತ ಉಳೀತು. ಮೊದಲ ಒಂದು ಗಂಡು ಕುದುರಿಗೆ ಹಂಗಾಮಿಗೆ ನಲವತ್ತು ಐವತ್ತು ಹೆಣ್ಣು ಅಂದ್ರ ಮುಗೀತು. ಈಗ ನೂರೈವತ್ತು ಇನ್ನೂರು, ಅದೂ ವರ್ಷಕ್ಕ ಎರಡು ಹಂಗಾಮು. ಡೇನ್‌ಹಿಲ್ ಮರಿ ಎರಡು ಸಾವಿರದ ಮ್ಯಾಲೆ. ಮಕ್ಕಳು ಮೊಮ್ಮಕ್ಕಳೂ ಹಿಂಗ ಓಡಾಡಿ ಓಡಾಡಿ, ಆಸ್ಟ್ರೇಲಿಯಾದಾಗ ಈಗ ಡೇನ್‌ಹಿಲ್ ರಕ್ತ ಇಲ್ಲದ ಗಂಡು ಕುದುರಿ ಬಂದದ ಅಂತ ಜಾಹೀರಾತು ಕೊಡೋ ಕಾಲ ಬಂದದ. ಒಂದ ಗೋತ್ರದ ಊರಾಗ ವರಾ ಹುಡುಕಿಧಂಗ. ಅಮೆರಿಕದ ಜಾಕಿ ಕ್ಲಬ್‌ದವರು 2020ರಾಗ, ಇನ್ನ ಮುಂದ ಒಂದು ಗಂಡಿಗೆ ವರ್ಷಕ್ಕ 140 ಹೆಣ್ಣು ಸಾಕು ಅಂತ ನಿಯಮ ತಂದ್ರು. ದೊಡ್ಡ ಫಾರ್ಮಿನವರು ಕೋರ್ಟಿಗೆ ಹೋದ್ರು, 2022ರಾಗ ನಿಯಮ ಹಿಂದ ತಗೊಂಡ್ರು.

ಡೇನ್‌ಹಿಲ್ ವಂಶಾವಳಿ ನಾನು ಅಕ್ಕಿ ಆರಸೋ ಮರದ ಪಕ್ಕ ಹಾಳಿ ಇಟಗೊಂಡು ಬರದು ನೋಡಿದೆ. ಅದರ ಅಪ್ಪ ಡಾನ್ಜಿಗ್, ಆ ಡಾನ್ಜಿಗ್‌ನ ಅಪ್ಪ ನಾರ್ದರ್ನ್ ಡಾನ್ಸರ್. ಅದರ ಅವ್ವ ರಜಿಯಾನಾ, ಆ ರಜಿಯಾನಾಳ ಅವ್ವ ಸ್ಪ್ರಿಂಗ್ ಅಡ್ಯೂ. ನಾರ್ದರ್ನ್ ಡಾನ್ಸರ್, ಸ್ಪ್ರಿಂಗ್ ಅಡ್ಯೂ ಇಬ್ಬರೂ ಒಂದ ತಾಯಿ ಮಕ್ಕಳು. ಅಂದ್ರ ಡಾನ್ಜಿಗ್‌ಗೆ ಕೊಟ್ಟಿದ್ದು ಸ್ವಾದರತ್ತಿ ಮಗಳನ್ನ! ನಮ್ಮ ಕಡೆ ಎಷ್ಟು ಮನ್ಯಾಗ ಇಲ್ಲ ಹೇಳ್ರಿ. ಆ ಎರಡೂ ಕಡಿ ಅಜ್ಜಿ ನಟಾಲ್ಮಾ. ಗಂಡು ಕುದುರಿ ಕತಿ ಅಂತ ಎಲ್ಲಾರೂ ಹೇಳ್ತಾರ, ಆದ್ರ ಇವತ್ತು ಎರಡೂ ಗೋಲಾರ್ಧದ ಹುಲ್ಲಗಾವಲದಾಗ ತಿರಗೋದು ಈಕಿ ರಕ್ತ.

ನಟಾಲ್ಮಾ ಕೆನಡಾದ ಇ. ಪಿ. ಟೇಲರ್ ಅನ್ನವರ ಕುದುರಿ. 1960ರಾಗ ದೊಡ್ಡ ರೇಸಿಗೆ ತಯಾರಾಗೂವಾಗ ಮೊಣಕಾಲ ಎಲವು ಬಿರಕು ಬಿಟ್ತು. ಓಟ ಮುಗೀತು, ಗಂಡಿನ ಹತ್ರ ಕಳಸೂಣು ಅಂದ್ರು. ಅಷ್ಟ ಹೊತ್ತಿಗೆ ಜೂನ್ ಮುಗೀಲಿಕ್ಕೆ ಬಂದಿತ್ತು, ಹಂಗಾಮು ಹೋದಂಗನ. ಲೆಕ್ಕ ತಿಳದ ಯಾರೂ ಆ ಹೊತ್ತಿನಾಗ ಕಳಸೂದಿಲ್ಲ. ಹಂಗೂ ಕಳಸಿದ್ರು. ಮರಿ ಹುಟ್ಟಿದ್ದು 1961ರ ಮೇ 27ಕ್ಕ. ವಾರಿಗಿ ಮರಿಗಿಂತ ಮೂರು ನಾಲ್ಕು ತಿಂಗಳ ಸಣ್ಣದು, ಗಿಡ್ಡದು. 25,000 ಡಾಲರಿಗೆ ಮಾರಾಟಕ್ಕಿಟ್ರ ಒಬ್ಬರೂ ಮುಟ್ಟಲಿಲ್ಲ, ಟೇಲರ್ ತಮ್ಮ ಹತ್ರನ ಇಟಗೊಂಡ್ರು. ಅದೇ ನಾರ್ದರ್ನ್ ಡಾನ್ಸರ್. 1964ರ ಕೆಂಟಕಿ ಡರ್ಬಿ ಸರಿಯಾಗಿ ಎರಡು ನಿಮಿಷದಾಗ ಓಡಿ ಮುಗಿಸ್ತು, ಅಲ್ಲಿತನಕಾ ಅಷ್ಟು ಲಗೂನ ಅದನ್ನ ಯಾವ ಕುದುರಿನೂ ಓಡಿರಲಿಲ್ಲ.